ಹಸಿ ಶುಂಠಿ ಕಷಾಯ: ಮಾಡೋದು ಹೇಗೆ, ಕುಡಿಯೋದು ಯಾವಾಗ?



ಮನೆಗೆ ಯಾರೇ ಬಂದರೂ "ಆಸರಿಗೆ ಏನು ಕೊಡಲಿ?" ಎಂದು ಕೇಳುವ ಊರು ನಮ್ಮದು. ಹುಲಗೋಳ ಇರಲಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಹಳ್ಳಿ ಇರಲಿ, ಮಳೆಗಾಲದ ಸಂಜೆ ಒಲೆಯ ಮೇಲೆ ಚಹಾ ಅಥವಾ ಕಷಾಯ ಇದ್ದೇ ಇರುತ್ತದೆ. ಶುಂಠಿ ಜಜ್ಜಿ ಹಾಕುವುದು ನಮಗೆ ಯಾರೂ ಕಲಿಸಬೇಕಾದ ವಿಷಯ ಅಲ್ಲ. ಆದರೂ ಈ ಸಲದ ಪಾಠಕ್ಕೆ ನಾವು ಇದನ್ನೇ ಆರಿಸಿಕೊಂಡಿದ್ದೇವೆ. ಒಂದು ಲೋಟ ಶುಂಠಿ ಕಷಾಯ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ನಮಗೆಲ್ಲ ಸರಿಯಾಗಿ ಗೊತ್ತಿರಬೇಕು.

ಶುಂಠಿ ಆರಿಸುವಾಗ

ಗಟ್ಟಿಯಾಗಿ, ಮುರಿದರೆ ಘಮ ಬರುವ ಶುಂಠಿ ಒಳ್ಳೆಯದು. ಮೆತ್ತಗಾದದ್ದು, ಬೂಸ್ಟು ಬಂದದ್ದು ಬೇಡ. "ಕೊಳೆತ ಭಾಗ ಕೊಯ್ದು ಉಳಿದದ್ದು ಹಾಕಿದರಾಯ್ತು" ಎನ್ನುವ ರೂಢಿ ಬಿಡೋಣ. ನಾಟಿಗೆ ಇಟ್ಟ ಬೀಜದ ಶುಂಠಿಗೆ ಕೊಳೆರೋಗ ಬರದಂತೆ ಔಷಧಿ ಹಚ್ಚಿರುತ್ತಾರೆ. ಅದು ಅಡುಗೆಮನೆಗೆ ಬರಲೇಬಾರದು, ಬೇರೆ ಕಡೆಯೇ ಇಡಬೇಕು. ಪೇಟೆಯ ಶುಂಠಿಯನ್ನು ಗೆಣ್ಣು ಗೆಣ್ಣು ಬಿಡಿಸಿ, ಸಂದಿಯ ಮಣ್ಣು ಹೋಗುವಂತೆ ಉಜ್ಜಿ ತೊಳೆಯಿರಿ. ಸಿಪ್ಪೆಯನ್ನು ಚಮಚೆಯಿಂದ ತೆಳ್ಳಗೆ ಕೆರೆದರೆ ಸಾಕು.

ಹಿತ್ತಿಲಲ್ಲಿ ನಾಲ್ಕು ಬುಡ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಏಪ್ರಿಲ್-ಮೇ ತಿಂಗಳ ಅಡ್ಡಮಳೆಗೆ ನೆಟ್ಟರೆ ಸುಮಾರು 8 ತಿಂಗಳಿಗೆ ಬಲಿಯುತ್ತದೆ. ನೀರು ನಿಲ್ಲುವ ಜಾಗ ಮಾತ್ರ ಬೇಡ, ಗಡ್ಡೆ ಕೊಳೆಯುತ್ತದೆ.

ಕಷಾಯ ಮಾಡುವ ವಿಧಾನ (4 ಲೋಟಕ್ಕೆ)

ಬೇಕಾಗುವುದು: ನೀರು ನಾಲ್ಕೂವರೆ ಲೋಟ, ಹೆಬ್ಬೆರಳು ಗಾತ್ರದ ಹಸಿ ಶುಂಠಿ (ಸುಮಾರು 20 ಗ್ರಾಂ), ಕೊತ್ತಂಬರಿ ಕಾಳು 1 ಚಮಚೆ, ಜೀರಿಗೆ ಅರ್ಧ ಚಮಚೆ, ಕಾಳುಮೆಣಸು 4, ಜೋನಿ ಬೆಲ್ಲ ಸ್ವಲ್ಪ, ಅರ್ಧ ಲಿಂಬೆಹಣ್ಣು.

1. ಶುಂಠಿಯನ್ನು ಜಜ್ಜಿಕೊಳ್ಳಿ. ಕೊತ್ತಂಬರಿ, ಜೀರಿಗೆ, ಕಾಳುಮೆಣಸನ್ನು ಒರಟಾಗಿ ಕುಟ್ಟಿ.
2. ನೀರು ಕುದಿ ಬಂದ ಮೇಲೆ ಎಲ್ಲವನ್ನೂ ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ 8ರಿಂದ 10 ನಿಮಿಷ ಕುದಿಸಿ. ಮುಚ್ಚದಿದ್ದರೆ ಘಮವೆಲ್ಲ ಹಬೆಯ ಜೊತೆ ಹೋಗುತ್ತದೆ.
3. ಇಳಿಸಿ, ಸೋಸಿ, ಬೆಲ್ಲ ಹಾಕಿ. ಕುಡಿಯುವಷ್ಟು ಬಿಸಿಗೆ ಬಂದಾಗ ಲಿಂಬೆ ಹಿಂಡಿ.

ಹಸಿ ಶುಂಠಿ ಇಲ್ಲದಿದ್ದರೆ ಒಣ ಶುಂಠಿ ಆಗುತ್ತದೆ. ಆದರೆ ಒಣಗಿದಾಗ ಖಾರ ಹೆಚ್ಚುವುದರಿಂದ ತುಂಬಾ ಕಡಿಮೆ ಹಾಕಬೇಕು.

ಹಾಲು ಹಾಕಿದ ಶುಂಠಿ ಚಹಾ ಒಡೆಯುವುದೇಕೆ?

ಒಮ್ಮೆ ಸಂಘದ ಸಭೆಗೆ ನಾವೇ ಚಹಾ ಮಾಡಲು ಹೋಗಿ, ಗಡಿಬಿಡಿಯಲ್ಲಿ ಹಾಲಿಗೇ ಶುಂಠಿ ಹಾಕಿದೆವು. ಇಡೀ ಪಾತ್ರೆ ಒಡೆದುಹೋಯಿತು. "ಹಾಲು ಹಳೇದು" ಎಂದು ಹಾಲಿನವರ ಮೇಲೆ ತಪ್ಪು ಹೊರಿಸಿದ್ದೂ ಆಯಿತು! ತಪ್ಪು ನಮ್ಮದೇ. ಹಸಿ ಶುಂಠಿಯಲ್ಲಿ ಹಾಲನ್ನು ಒಡೆಯುವ ಕಿಣ್ವ ಇದೆ. ನೀರಿನಲ್ಲಿ ಚೆನ್ನಾಗಿ ಕುದಿಸಿದರೆ ಅದರ ಶಕ್ತಿ ಹೋಗುತ್ತದೆ. ಆದ್ದರಿಂದ ಮೊದಲು ನೀರಿನಲ್ಲಿ ಶುಂಠಿ 5 ನಿಮಿಷ ಕುದಿಯಲಿ, ಆಮೇಲೆ ಚಹಾಪುಡಿ, ಕೊನೆಗೆ ಕಾಯಿಸಿದ ಹಾಲು. ಬೆಲ್ಲ ಹಾಕುವುದಾದರೆ ಒಲೆಯಿಂದ ಇಳಿಸಿದ ಮೇಲೆಯೇ ಹಾಕಿ.

ಊಟ, ರಕ್ತದ ಮಾತ್ರೆ ಮತ್ತು ಚಹಾ

ಈಗ ಮುಖ್ಯ ವಿಷಯಕ್ಕೆ ಬರೋಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ ಇತ್ತು. ಅಂದರೆ ಸಭೆಯಲ್ಲಿ 20 ಜನ ಕುಳಿತರೆ 9–10 ಜನ. ಸುಸ್ತು, ಏದುಸಿರು, ತಲೆ ಸುತ್ತು ಬಂದರೆ "ಕೆಲಸ ಜಾಸ್ತಿ ಆಯ್ತು" ಅಂದುಕೊಂಡು ಒಂದು ಲೋಟ ಚಾ ಕುಡಿದು ಎದ್ದುಬಿಡುತ್ತೇವೆ. ಅಲ್ಲೇ ನಾವು ಎಡವುವುದು.

ಚಹಾಪುಡಿಯಲ್ಲಿ ಟ್ಯಾನಿನ್ ಎಂಬ ಒಗರಿನ ಅಂಶ ಇದೆ. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣಾಂಶವನ್ನು ಇದು ಹಿಡಿದಿಟ್ಟುಕೊಂಡು ಮೈಗೆ ಹತ್ತದಂತೆ ಮಾಡುತ್ತದೆ. ಶುಂಠಿ ಹಾಕಿದ ಮಾತ್ರಕ್ಕೆ ಈ ಗುಣ ಬದಲಾಗುವುದಿಲ್ಲ. ಊಟಕ್ಕೆ ಒಂದು ತಾಸು ಮೊದಲು ಮತ್ತು ಊಟವಾದ ಒಂದು ತಾಸಿನವರೆಗೆ ಚಹಾ, ಕಾಫಿ ಬೇಡ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ದೋಸೆಯ ಜೊತೆಗೇ ಚಾ ಕುಡಿಯುವವರು ಇದನ್ನು ಯೋಚಿಸಬೇಕು.

ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನೂ ಚಹಾ, ಹಾಲು, ಕಷಾಯದ ಜೊತೆ ನುಂಗಬೇಡಿ. ಬರೀ ನೀರು ಅಥವಾ ಲಿಂಬೆ ಪಾನಕ ಸಾಕು. ಲಿಂಬೆ, ನೆಲ್ಲಿಕಾಯಿಯ ಹುಳಿ ಕಬ್ಬಿಣಾಂಶ ಮೈಗೆ ಹತ್ತಲು ಸಹಾಯ ಮಾಡುತ್ತದೆ. ಗರ್ಭಿಣಿಯರಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ, ಉಳಿದ ಮಹಿಳೆಯರಲ್ಲಿ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ಲೆಕ್ಕ. ನಿಮ್ಮದು ಎಷ್ಟು, ಗೊತ್ತೇ? ಉಳಿತಾಯದ ಪಾಸ್‌ಬುಕ್ಕಿನ ಮೊತ್ತ ನೆನಪಿಡುವ ನಾವು ಈ ಒಂದು ಅಂಕೆಯನ್ನೂ ನೆನಪಿಡೋಣ.

ಜ್ವರಕ್ಕೆ ಕಷಾಯ ಸಾಕೇ?

ಗಂಟಲು ಕಿರಿಕಿರಿ, ಸಣ್ಣ ನೆಗಡಿ ಇದ್ದಾಗ ಬಿಸಿ ಕಷಾಯ ಹಿತ ಕೊಡುತ್ತದೆ. ವಾಕರಿಕೆಗೂ ಶುಂಠಿ ಒಳ್ಳೆಯದು. ಆದರೆ ಎದೆಯುರಿ ಇರುವವರು ಕಡಿಮೆ ಮಾಡಬೇಕು. ಗರ್ಭಿಣಿಯರು ಮತ್ತು ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ಬೆಲ್ಲವೂ ಸಕ್ಕರೆಯೇ, ಮರೆಯಬೇಡಿ.

ಆದರೆ ಜೋರು ಜ್ವರಕ್ಕೆ ಕಷಾಯ ಔಷಧಿ ಅಲ್ಲ. ನಾವು ದರಕು ಗುಡಿಸಲು, ಸೊಪ್ಪು ತರಲು, ಕಟ್ಟಿಗೆಗೆ ಬೆಟ್ಟಕ್ಕೆ ಹೋಗುವವರು. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ನಮ್ಮ ನೆರೆಯದೇ. ಉಣುಗು ಕಚ್ಚಿದರೆ ಇದು ಬರುತ್ತದೆ. 2024ರಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಹಲವರಿಗೆ ತಗುಲಿ, ಜೀವಗಳೂ ಹೋದವು. ಚಳಿಗಾಲದಿಂದ ಬೇಸಿಗೆಯವರೆಗೆ ಇದರ ಕಾಲ. ಒಮ್ಮೆಲೇ ಜೋರು ಜ್ವರ, ತಲೆನೋವು, ಸಹಿಸಲಾಗದ ಮೈಕೈ ನೋವು, ವಾಂತಿ ಬಂದರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು. ಬೆಟ್ಟಕ್ಕೆ ಹೋಗಿದ್ದನ್ನು ವೈದ್ಯರಿಗೆ ಹೇಳಬೇಕು. "ನಾಲ್ಕು ದಿನ ಕಷಾಯ ಕುಡಿದು ನೋಡೋಣ" ಎಂದು ಕಾಯಬಾರದು. ಆ ನಾಲ್ಕು ದಿನವೇ ಬೆಲೆಯುಳ್ಳದ್ದು. ಬೆಟ್ಟಕ್ಕೆ ಹೋಗುವಾಗ ಮೈ ಮುಚ್ಚುವ ಬಟ್ಟೆ ಹಾಕಿ, ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಒಗೆಯಿರಿ.

ಸಂಘದಲ್ಲಿ ಚರ್ಚಿಸಿ

1. ನಮ್ಮಲ್ಲಿ ಎಷ್ಟು ಜನ ತಿಂಡಿ, ಊಟದ ಜೊತೆಗೇ ಚಹಾ ಕುಡಿಯುತ್ತೇವೆ?
2. ಕಬ್ಬಿಣಾಂಶದ ಮಾತ್ರೆ ಸಿಕ್ಕಿಯೂ ನುಂಗದೆ ಇಟ್ಟವರು ಯಾರು? ಯಾಕೆ?
3. ಕಳೆದ ವರ್ಷ ಜ್ವರ ಬಂದಾಗ ಎಷ್ಟನೇ ದಿನ ಆಸ್ಪತ್ರೆಗೆ ಹೋದೆವು? ತಡವಾಗಿದ್ದರೆ ಕಾರಣ ದುಡ್ಡೇ, ಬಸ್ಸೇ, "ಮನೆ ಕೆಲಸ ಯಾರು ಮಾಡ್ತಾರೆ" ಎಂಬ ಚಿಂತೆಯೇ?

ಮೂರನೆಯ ಪ್ರಶ್ನೆಗೆ ಉತ್ತರ ದುಡ್ಡು ಎಂದಾದರೆ, ಸಂಘದ ಉಳಿತಾಯದಿಂದ ಜ್ವರದ ತುರ್ತಿಗೆ ಅದೇ ದಿನ ಸಾಲ ಕೊಡುವ ಠರಾವನ್ನು ಮುಂದಿನ ಸಭೆಯಲ್ಲೇ ಬರೆಯಿರಿ. ಮನೆ ಕೆಲಸ ಎಂದಾದರೆ, ಆ ದಿನ ಆ ಮನೆಯ ಕೊಟ್ಟಿಗೆ ನೋಡಿಕೊಳ್ಳಲು ಇಬ್ಬರ ಹೆಸರನ್ನೂ ಬರೆದಿಡಿ. ಆಸ್ಪತ್ರೆಯಿಂದ ಅವಳು ಮನೆಗೆ ಬಂದ ಮೇಲೆ ಒಂದು ಲೋಟ ಬಿಸಿ ಶುಂಠಿ ಕಷಾಯ ಮಾಡಿಕೊಡೋಣ.