ರಿಪೋರ್ಟ್ ಬರುವ ಮುಂಚೆಯೇ ಕೂತು ಮಾತಾಡಿಕೊಳ್ಳಿ

ಪುಟ್ಟಾ,

ನಲವತ್ತೊಂದಕ್ಕೆ ಬಸುರಾಗಿದ್ದೀಯ, ಡಾಕ್ಟರು ಜೆನೆಟಿಕ್ ಟೆಸ್ಟ್ ಅನ್ನುತ್ತಿದ್ದಾರೆ, ಮಾಡಿಸಲೋ ಬೇಡವೋ ಅಂತ ಕೇಳಿದ್ದೀಯ. ಅದಕ್ಕೆ ಮುಂಚೆ ಒಂದು ಮಾತು. ನನಗೆ ತುಂಬಾ ಸಂತೋಷವಾಗಿದೆ ಕಣೇ. "ಈ ವಯಸ್ಸಿನಲ್ಲಾ?" ಅನ್ನುವವರಿಗೆ ಕಿವಿಗೊಡಬೇಡ. ನಮ್ಮ ಅಜ್ಜಿಯರ ಕಾಲದಲ್ಲಿ ಮಗಳ ಬಾಣಂತನದ ಜೊತೆಗೇ ತಾಯಿಯ ಬಾಣಂತನವೂ ನಡೆಯುತ್ತಿದ್ದ ಮನೆಗಳಿದ್ದವು. ನಲವತ್ತು ದಾಟಿದ ಬಸಿರು ಹೊಸದಲ್ಲ. ಮಗುವಿನ ಬಗ್ಗೆ ಹುಟ್ಟುವ ಮುಂಚೆಯೇ ಇಷ್ಟೊಂದು ತಿಳಿದುಕೊಳ್ಳಬಹುದು ಅನ್ನುವುದು ಹೊಸದು, ಮತ್ತು ಆ ಭಾರ ಹೆಂಗಸಿನ ತಲೆಯ ಮೇಲೇ ಬೀಳುವುದು.

ವಯಸ್ಸಿಗೂ ಇದಕ್ಕೂ ಏನು ಸಂಬಂಧ ಅಂದರೆ, ನಿನ್ನ ಅಂಡಾಣುಗಳು ಈಗ ತಯಾರಾಗುವುದಲ್ಲ. ನೀನು ನಿಮ್ಮಮ್ಮನ ಹೊಟ್ಟೆಯಲ್ಲಿದ್ದಾಗಲೇ ಅವೆಲ್ಲ ಆಗಿ, ಅರ್ಧಕ್ಕೆ ನಿಂತು, ನಲವತ್ತು ವರ್ಷ ಕಾದಿವೆ. ಅಷ್ಟು ಕಾದ ಮೇಲೆ ವರ್ಣತಂತುಗಳು ಸಮನಾಗಿ ಬೇರ್ಪಡುವಾಗ ಕೆಲವೊಮ್ಮೆ ಎಡವುತ್ತವೆ. 21ನೆಯದು ಒಂದು ಹೆಚ್ಚಾಗಿ ಉಳಿದರೆ ಡೌನ್ ಸಿಂಡ್ರೋಮ್. 18 ಮತ್ತು 13ನೆಯವು ಹೆಚ್ಚಾದರೆ ಇನ್ನೂ ಗಂಭೀರ, ಅಂಥ ಹೆಚ್ಚಿನ ಮಕ್ಕಳು ವರ್ಷ ತುಂಬುವವರೆಗೂ ಉಳಿಯುವುದಿಲ್ಲ. ಇದರಲ್ಲಿ ನೀನು ತಿಂದದ್ದು, ದುಡಿದದ್ದು, ತಡವಾಗಿ ಮದುವೆಯಾದದ್ದು, ಯಾವುದೂ ತಪ್ಪಲ್ಲ.

ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟುವ ಸಾಧ್ಯತೆ ಇಪ್ಪತ್ತೈದರ ತಾಯಿಗೆ ಸಾವಿರದ ಇನ್ನೂರಕ್ಕೆ ಒಂದರಷ್ಟು, ನಲವತ್ತರಲ್ಲಿ ಸುಮಾರು 100ಕ್ಕೆ 1, ನಲವತ್ತೈದರಲ್ಲಿ 30ಕ್ಕೆ 1. ಮೊದಲು ಕೇಳಿದಾಗ ಎದೆ ಧಸಕ್ಕೆನ್ನುತ್ತದೆ. ಆದರೆ ನಿನ್ನ ವಯಸ್ಸಿನ ನೂರು ತಾಯಂದಿರಲ್ಲಿ ತೊಂಬತ್ತೆಂಟು, ತೊಂಬತ್ತೊಂಬತ್ತು ಮಂದಿಗೆ ಆ ತೊಂದರೆ ಇರುವುದಿಲ್ಲ ಅನ್ನುವುದೂ ಅದೇ ಲೆಕ್ಕ.

ಹೆರಿಗೆ ವಾರ್ಡಿನಲ್ಲಿ ಸಿಸ್ಟರಾಗಿ ದುಡಿದವಳಾಗಿ ಒಂದು ವಿಷಯ ಒತ್ತಿ ಹೇಳುತ್ತೇನೆ. ಪರೀಕ್ಷೆಗಳಲ್ಲಿ ಎರಡು ಜಾತಿ. ಒಂದು ಜರಡಿ ಹಿಡಿಯುವಂಥದ್ದು, ಇನ್ನೊಂದು ಹೌದು ಅಥವಾ ಇಲ್ಲ ಎಂದು ಖಚಿತವಾಗಿ ಹೇಳುವಂಥದ್ದು. ಇವೆರಡನ್ನು ಕಲಸಿಕೊಂಡು ಅತ್ತವರನ್ನು ಬೇಕಾದಷ್ಟು ನೋಡಿದ್ದೇನೆ. ಹನ್ನೊಂದರಿಂದ ಹದಿಮೂರೂವರೆ ವಾರದೊಳಗೆ ಮಾಡುವ ಎನ್‌ಟಿ ಸ್ಕ್ಯಾನ್ ಮತ್ತು ಡಬಲ್ ಮಾರ್ಕರ್ ರಕ್ತಪರೀಕ್ಷೆ ಜರಡಿಯೇ. ಅದರ ಲೆಕ್ಕದೊಳಗೆ ತಾಯಿಯ ವಯಸ್ಸೂ ಸೇರುವುದರಿಂದ ನಲವತ್ತು ದಾಟಿದವರಿಗೆ "ಹೈ ರಿಸ್ಕ್" ಅಂತ ಬರುವುದು ಬಹಳ ಹೆಚ್ಚು. ಕೆಂಪಕ್ಷರ ನೋಡಿ ನಡುಗಬೇಡ.

ಹತ್ತು ವಾರ ತುಂಬಿದ ಮೇಲೆ ಮಾಡುವ ಎನ್‌ಐಪಿಟಿ ಇದಕ್ಕಿಂತ ಎಷ್ಟೋ ಸೂಕ್ಷ್ಮ. ತಾಯಿಯ ರಕ್ತದಲ್ಲಿ ಮಗುವಿನ ಡಿಎನ್‌ಎ ಚೂರುಗಳು ಓಡಾಡುತ್ತವೆ ಎಂದು ಡೆನಿಸ್ ಲೋ ಮತ್ತು ಅವರ ಸಂಗಡಿಗರು 1997ರಲ್ಲಿ ತೋರಿಸಿಕೊಟ್ಟರು, ಈ ಪರೀಕ್ಷೆ ಬೆಳೆದದ್ದು ಅದರಿಂದ. ನಿನ್ನ ತೋಳಿನ ರಕ್ತ ಸಾಕು, ಮಗುವಿಗೆ ಏನೂ ಅಪಾಯವಿಲ್ಲ. ಡೌನ್ ಸಿಂಡ್ರೋಮ್ ಇದ್ದರೆ ನೂರರಲ್ಲಿ ತೊಂಬತ್ತೊಂಬತ್ತು ಸಲ ಹಿಡಿಯುತ್ತದೆ. ಆದರೆ ಆ ಚೂರುಗಳು ಬರುವುದು ಮಾಸಿನಿಂದ. ಮಾಸಿನಲ್ಲಿ ವ್ಯತ್ಯಾಸವಿದ್ದು ಮಗು ಚೆನ್ನಾಗಿರುವುದೂ ಉಂಟು. ಹಾಗಾಗಿ ಎನ್‌ಐಪಿಟಿ ರಿಪೋರ್ಟೊಂದನ್ನೇ ಹಿಡಿದು ಬಸಿರು ತೆಗೆಸುವ ಮಾತು ಯಾರೇ ಆಡಿದರೂ ಒಪ್ಪಬೇಡ. ಖಚಿತವಾಗಬೇಕಾದರೆ ಹನ್ನೊಂದರಿಂದ ಹದಿಮೂರನೇ ವಾರದಲ್ಲಿ ಮಾಸಿನ ಚೂರು ತೆಗೆಯುವ ಸಿವಿಎಸ್, ಇಲ್ಲವೇ ಹದಿನೈದು ವಾರ ತುಂಬಿದ ಮೇಲೆ ಗರ್ಭದ ನೀರು ತೆಗೆಯುವ ಆಮ್ನಿಯೋಸೆಂಟೆಸಿಸ್. ಮಾಸಿನದೇ ಅನುಮಾನವಿದ್ದರೆ ನೀರಿನ ಪರೀಕ್ಷೆಯೇ ಮೇಲು. ಇವೆರಡರಿಂದಲೂ ಬಸಿರು ಇಳಿದುಹೋಗುವ ಅಪಾಯವಿದೆ, ಆದರೆ ಪಳಗಿದ ಕೈಯಲ್ಲಿ ಅದು ಇನ್ನೂರಕ್ಕೆ ಒಂದಕ್ಕಿಂತ ಹೆಚ್ಚಲ್ಲ. ನಿನ್ನ ರಕ್ತ ನೆಗೆಟಿವ್ ಗುಂಪಿನದಾದರೆ ಸೂಜಿ ಹಾಕಿದ ಮೇಲೆ ಆಂಟಿ-ಡಿ ಇಂಜೆಕ್ಷನ್ ಬೇಕಾಗುತ್ತದೆ, ನೆನಪಿಸು.

ನಿನ್ನದು ತಾನಾಗಿ ನಿಂತ ಬಸಿರೋ ಐವಿಎಫ್‌ನದೋ ನಾನು ಕೇಳುವುದಿಲ್ಲ. ಅಕಸ್ಮಾತ್ ಬೇರೆ ಹೆಣ್ಣುಮಗಳ ಅಂಡಾಣು ಪಡೆದದ್ದಾದರೆ, ಮನೆಯಲ್ಲಿ ಯಾರಿಗೂ ಹೇಳಬೇಡ, ಪರೀಕ್ಷೆ ಮಾಡುವ ಡಾಕ್ಟರಿಗೆ ಮಾತ್ರ ಮುಚ್ಚಿಡಬೇಡ. ಆಗ ಲೆಕ್ಕಕ್ಕೆ ಬರುವುದು ಅವಳ ವಯಸ್ಸು, ನಿನ್ನದಲ್ಲ. ಅತ್ತೆಯ ಮುಂದೆ ಬಾಯಿಬಿಡಲಾಗದೆ ನಲವತ್ತೊಂದು ಎಂದು ಬರೆಸಿ, ಇಲ್ಲದ ಭಯ ತಂದುಕೊಳ್ಳುವವರಿದ್ದಾರೆ.

ಇನ್ನೊಂದು ವಿಷಯ ಯಾರೂ ನಿನಗೆ ಹೇಳಿರಲಾರರು. ನೀನು ಸೋದರತ್ತೆಯ ಮಗನನ್ನೇ ಮದುವೆಯಾದವಳು. ಯಾವ ದಂಪತಿಗಾದರೂ ಮಗುವಿನಲ್ಲಿ ದೊಡ್ಡ ತೊಂದರೆ ಕಾಣುವ ಸಾಧ್ಯತೆ ನೂರಕ್ಕೆ ಎರಡು ಮೂರು ಇದ್ದೇ ಇರುತ್ತದೆ. ನಮ್ಮಲ್ಲಿ ನಡೆದುಬಂದ ಈ ಸೋದರ ಸಂಬಂಧಗಳಲ್ಲಿ ಅದು ಹೆಚ್ಚುಕಡಿಮೆ ಇಮ್ಮಡಿ. ಕಾರಣ ವಯಸ್ಸಲ್ಲ, ಇಬ್ಬರಲ್ಲೂ ಅಡಗಿರಬಹುದಾದ ಒಂದೇ ದೋಷ. ಸಾಮಾನ್ಯ ಎನ್‌ಐಪಿಟಿಗೆ ಅದು ಕಾಣುವುದೇ ಇಲ್ಲ. "ಎಲ್ಲ ನಾರ್ಮಲ್" ಅಂತ ರಿಪೋರ್ಟ್ ಬಂದರೂ ಆ ಪ್ರಶ್ನೆ ಹಾಗೇ ಉಳಿದಿರುತ್ತದೆ. ನಿಮ್ಮಪ್ಪನ ಕಡೆ ಎಳವೆಯಲ್ಲೇ ತೀರಿಕೊಂಡ ಮಕ್ಕಳಿದ್ದರಾ, ಕಿವಿ ಕೇಳದವರು, ಬುದ್ಧಿ ಬೆಳೆಯದವರು ಇದ್ದರಾ ಎಂದು ನಿಮ್ಮತ್ತೆಯನ್ನೇ ಮೆಲ್ಲಗೆ ವಿಚಾರಿಸು. ಅವರು ಆ ಮನೆಯಲ್ಲೇ ಹುಟ್ಟಿದವರು, ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಥಲಸ್ಸೀಮಿಯಾಕ್ಕೆ ಇಬ್ಬರೂ ರಕ್ತ ಕೊಡಿ. ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಿ ಸಮಾಧಾನವಾಗಿ ಕೂತು ಕೇಳಿ, ಬೆಂಗಳೂರಿನಲ್ಲೇ ಇದ್ದೀರಿ, ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಸಂಸ್ಥೆ ಕೈಗೆಟುಕುವಲ್ಲಿದೆ.

ಮಾಡಿಸಬೇಕೋ ಬೇಡವೋ ಅಂದೆಯಲ್ಲ. ನನ್ನ ಅಭಿಪ್ರಾಯ, ಮಾಡಿಸು. ಆದರೆ ರಕ್ತ ಕೊಡುವ ಮುಂಚೆ ಅಳಿಯಂದಿರನ್ನು ಕೂರಿಸಿಕೊಂಡು, ಕೆಟ್ಟ ಸುದ್ದಿಯೇ ಬಂದರೆ ಏನು ಮಾಡುತ್ತೀರಿ ಎಂದು ಮಾತಾಡಿಕೊಳ್ಳಿ. ಆ ಮಾತು ಅಪಶಕುನವಲ್ಲ. ಆಡದೆ ಬಿಟ್ಟರೆ ರಿಪೋರ್ಟ್ ಬಂದ ದಿನ ಗಾಬರಿಯಲ್ಲಿ ಮೊದಲು ಬಾಯಿ ತೆರೆದವರ ಮಾತೇ ನಡೆದುಹೋಗುತ್ತದೆ, ನಿನ್ನದಲ್ಲ.

ಕಾಲದ ಲೆಕ್ಕವೂ ಗೊತ್ತಿರಲಿ. 2021ರಲ್ಲಿ ತಿದ್ದಿದ ಗರ್ಭಪಾತದ ಕಾನೂನಿನಂತೆ ಬಸಿರು ತೆಗೆಸಲು ಇಪ್ಪತ್ತು ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಇಪ್ಪತ್ನಾಲ್ಕರವರೆಗೆ, ಮಗುವಿನಲ್ಲಿ ಗಂಭೀರ ದೋಷದಂಥ ಕಾರಣಗಳಿದ್ದರೆ, ಇಬ್ಬರದು ಬೇಕು. ಅದನ್ನೂ ದಾಟಿದರೆ ವೈದ್ಯಕೀಯ ಮಂಡಳಿ. ಎಲ್ಲ ಕಡೆಯೂ ಬೇಕಾದದ್ದು ನಿನ್ನ ಒಪ್ಪಿಗೆ. ಗಂಡನದೋ ಅತ್ತೆಯದೋ ಸಹಿ ಕಾನೂನು ಕೇಳುವುದಿಲ್ಲ. ಆದರೆ ಗರ್ಭದ ನೀರಿನ ಪೂರ್ತಿ ರಿಪೋರ್ಟಿಗೆ ಎರಡು ಮೂರು ವಾರ ಹಿಡಿಯಬಹುದು, ತಡಮಾಡಿದರೆ ಯೋಚಿಸಲು ಉಳಿಯುವುದು ನಾಲ್ಕೇ ದಿನ. ನೀನಿನ್ನೂ ಒಂಬತ್ತನೇ ವಾರದಲ್ಲಿದ್ದೀಯ, ಅದು ಒಳ್ಳೆಯದಾಯಿತು. ಪರೀಕ್ಷೆಗೆ ಮುಂಚೆ ಸಹಿ ಹಾಕುವ ಒಪ್ಪಿಗೆ ಪತ್ರ ನಿನಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅದರ ಒಂದು ಪ್ರತಿ ನಿನಗೆ ಕೊಡಬೇಕು ಎಂದು 1994ರ ಗರ್ಭಪೂರ್ವ ಮತ್ತು ಪ್ರಸವಪೂರ್ವ ಪತ್ತೆ ಕಾಯ್ದೆಯಲ್ಲೇ ಇದೆ. ಗಂಡೋ ಹೆಣ್ಣೋ ಎಂದು ಹೇಳುವುದನ್ನು ಅದೇ ಕಾಯ್ದೆ ನಿಷೇಧಿಸುತ್ತದೆ. ಮನೆಯಲ್ಲಿ ಯಾರಾದರೂ ಅದನ್ನು ಕೇಳಿಕೊಂಡು ಬಾ ಎಂದರೆ ಖಂಡಿತವಾಗಿ ಆಗುವುದಿಲ್ಲ ಅನ್ನು.

ಡೌನ್ ಸಿಂಡ್ರೋಮ್ ಎಂದೇ ಖಚಿತವಾದರೆ, ನಿರ್ಧಾರಕ್ಕೆ ಮುಂಚೆ ಅಂಥ ಮಕ್ಕಳನ್ನೂ ಅವರ ಅಪ್ಪ ಅಮ್ಮಂದಿರನ್ನೂ ಕಂಡು ಬಾ. ಚೆನ್ನೈನ ಡೌನ್ ಸಿಂಡ್ರೋಮ್ ಫೆಡರೇಷನ್ ಆಫ್ ಇಂಡಿಯಾದವರು ದಾರಿ ತೋರಿಸುತ್ತಾರೆ. ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆ ಇರುತ್ತದೆ, ಅದರಲ್ಲಿ ಬಹುಪಾಲು ಆಪರೇಷನ್‌ನಿಂದ ಸರಿಹೋಗುತ್ತದೆ. ನಡೆಯುವುದು, ಮಾತಾಡುವುದು ನಿಧಾನ, ಆದರೂ ಕಲಿಯುತ್ತಾರೆ, ನಗುತ್ತಾರೆ, ಕೆಲಸಕ್ಕೆ ಹೋಗುವವರೂ ಇದ್ದಾರೆ. ಜೀವಮಾನವಿಡೀ ಯಾರಾದರೂ ಜೊತೆಗಿರಬೇಕು ಅನ್ನುವುದೂ ನಿಜ. ಮಗುವಿಗೆ ಮೂವತ್ತಾದಾಗ ನಿನಗೆ ಎಪ್ಪತ್ತು ದಾಟಿರುತ್ತದೆ. ನಮ್ಮ ನಂತರ ಯಾರು ಎಂಬ ಪ್ರಶ್ನೆಯನ್ನು ಮುಚ್ಚಿಟ್ಟು ಧೈರ್ಯ ಹೇಳುವವರು ನಿನ್ನ ಹಿತೈಷಿಗಳಲ್ಲ. ಉತ್ತರವೇ ಇಲ್ಲ ಅನ್ನುವವರೂ ಅಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು, ನಿರಾಮಯ ಯೋಜನೆಯಲ್ಲಿ ಒಂದು ಲಕ್ಷದವರೆಗೆ ಆರೋಗ್ಯ ವಿಮೆ ಇದೆ. ಸಾಕಲು ನಿಂತವರನ್ನೂ ಕಂಡಿದ್ದೇನೆ, ಆಗದು ಎಂದು ಅತ್ತು ಬಸಿರು ತೆಗೆಸಿಕೊಂಡವರನ್ನೂ ಕಂಡಿದ್ದೇನೆ. ಇಬ್ಬರ ಮೇಲೂ ನನಗೆ ಒಂದೇ ಗೌರವ.

ಪರೀಕ್ಷೆಯೇ ಬೇಡ, ಬಂದದ್ದು ಬರಲಿ ಅನ್ನಿಸಿದರೆ ಅದೂ ಸರಿಯೇ, ಯಾರಿಗೂ ಕಾರಣ ಕೊಡಬೇಕಿಲ್ಲ. ಆದರೂ ಎನ್‌ಟಿ ಸ್ಕ್ಯಾನ್ ಮತ್ತು ಹದಿನೆಂಟು ಇಪ್ಪತ್ತನೇ ವಾರದ ಅನಾಮಲಿ ಸ್ಕ್ಯಾನ್ ಬಿಡಬೇಡ. ಮಗುವಿನ ಹೃದಯದ ತೊಂದರೆ ಮೊದಲೇ ತಿಳಿದರೆ ಎಳೆಮಕ್ಕಳ ಐಸಿಯು ಇರುವ ಕಡೆ ಹೆರಿಗೆ ಇಟ್ಟುಕೊಳ್ಳಬಹುದು. ಬಿಪಿ, ಸಕ್ಕರೆ ಎರಡೂ ಈ ವಯಸ್ಸಿನಲ್ಲಿ ಏರುವುದು ಹೆಚ್ಚು. ವರ್ಣತಂತುಗಳ ಚಿಂತೆಯಲ್ಲಿ ಅವನ್ನು ಮರೆತೀಯ.

ನಿಮ್ಮಮ್ಮನಿಗೆ ಯಾವಾಗ ಹೇಳಲಿ ಅಂತಲೂ ಕೇಳಿದ್ದೀಯ. ಇವತ್ತೇ ಹೇಳು. ನನ್ನ ತಂಗಿಯನ್ನು ನಾನು ಬಲ್ಲೆ, ಕಷ್ಟದ ಸುದ್ದಿಗಿಂತ ತನಗೆ ಕಡೆಯಲ್ಲಿ ತಿಳಿಯಿತಲ್ಲ ಅನ್ನುವುದೇ ಅವಳನ್ನು ಹೆಚ್ಚು ನೋಯಿಸುತ್ತದೆ. ಉಳಿದ ಬಳಗಕ್ಕೆ ಅನಾಮಲಿ ಸ್ಕ್ಯಾನ್ ಮುಗಿದ ಮೇಲೆ ತಿಳಿದರೆ ಸಾಕು.

ನಿನ್ನ ದೊಡ್ಡಮ್ಮ