ಹೆಸರು ಸರಿಯೇ? – ಗಣಕಯಂತ್ರದ ಒಂದು ಪಾಠ

ಒಂದೇ ತರಗತಿಯಲ್ಲಿ ಇಬ್ಬರು ಗಣೇಶರಿದ್ದರೆ ಮನೆಯ ಹೆಸರನ್ನು ಸೇರಿಸಿ ಕರೆಯುವುದು ನಮ್ಮಲ್ಲಿ ರೂಢಿ. ಗಣಕಯಂತ್ರದ ಭಾಷೆಗಳಲ್ಲಿಯೂ ಇಂಥ ಏರ್ಪಾಡುಂಟು. ಜಾಲತಾಣಗಳ ರಚನೆಗೆ ಬಳಸುವ ಪಿ.ಎಚ್.ಪಿ. ಎಂಬ ಭಾಷೆಯನ್ನು ರಾಸ್ಮಸ್ ಲೆರ್ಡಾರ್ಫ್ ಎಂಬವರು 1995ರಲ್ಲಿ ಹೊರತಂದರು. 2009ರಲ್ಲಿ ಬಂದ ಅದರ 5.3ನೆಯ ಆವೃತ್ತಿಯಲ್ಲಿ ‘ನೇಮ್‌ಸ್ಪೇಸ್’ ಸೇರಿತು. ಇದನ್ನು ಹೆಸರುಗಳ ಮನೆತನವೆನ್ನಬಹುದು. ‘ಶಾಲೆ\ಗ್ರಂಥಾಲಯ’, ‘ಊರು\ಗ್ರಂಥಾಲಯ’ ಎಂದು ಬರೆದರೆ ಎರಡು ಗ್ರಂಥಾಲಯಗಳು ಒಂದರೊಡನೊಂದು ಬೆರೆಯುವುದಿಲ್ಲ.

ಇಂಥ ಹೆಸರಿಗೆ ಮೂರು ನಿಯಮಗಳಿವೆ:

1. ಪ್ರತಿ ಭಾಗದ ಮೊದಲಲ್ಲಿ ಇಂಗ್ಲಿಷ್ ಅಕ್ಷರ, ಅಡಿಗೆರೆ ( _ ) ಅಥವಾ 128ರಿಂದ 255ರ ವರೆಗಿನ ಬೆಲೆಯ ಬೈಟು ಇರಬೇಕು.
2. ಅನಂತರ ಇವುಗಳ ಜೊತೆಗೆ 0ಯಿಂದ 9ರ ವರೆಗಿನ ಅಂಕಿಗಳೂ ಬರಬಹುದು.
3. ಭಾಗಗಳ ನಡುವೆ ಒಂದೇ ಓರೆಗೆರೆ ಇರಬೇಕು. ಹೆಸರಿನ ಆದಿಯಲ್ಲಿ, ಅಂತ್ಯದಲ್ಲಿ ಇರಬಾರದು.

ಈ ನಿಯಮಗಳನ್ನು ಒಂದೇ ಸಾಲಿನಲ್ಲಿ ಹೇಳುವ ಸಾಧನವೇ ‘ರೆಗ್ಯುಲರ್ ಎಕ್ಸ್‌ಪ್ರೆಶನ್’. ಅಮೆರಿಕದ ಗಣಿತಜ್ಞ ಸ್ಟೀಫನ್ ಕ್ಲೀನಿ 1950ರ ದಶಕದಲ್ಲಿ ಇದಕ್ಕೆ ಅಡಿಪಾಯ ಹಾಕಿದರು. ಬೀಜಗಣಿತದಲ್ಲಿ ಮಾಡುವಂತೆ, ಮೊದಲ ಸ್ಥಾನಕ್ಕೆ ಸಲ್ಲುವುದನ್ನು ‘ಮ’ ಎಂದೂ ನಂತರದ ಸ್ಥಾನಗಳಿಗೆ ಸಲ್ಲುವುದನ್ನು ‘ನ’ ಎಂದೂ ಇಟ್ಟುಕೊಳ್ಳೋಣ. ಆಗ ಸೂತ್ರ ಹೀಗಾಗುತ್ತದೆ:

^ಮನ*(\\ಮನ*)*$

ಇಲ್ಲಿ ^ ಎಂದರೆ ಆದಿ, $ ಎಂದರೆ ಅಂತ್ಯ. ನಕ್ಷತ್ರ ಚಿಹ್ನೆಯ ಅರ್ಥ ‘ಒಮ್ಮೆಯೂ ಇಲ್ಲದೆ ಅಥವಾ ಎಷ್ಟು ಸಲವಾದರೂ’. ಸೂತ್ರದಲ್ಲಿ ಓರೆಗೆರೆಗೆ ವಿಶೇಷಾರ್ಥವಿರುವುದರಿಂದ ಅದನ್ನು ಎರಡು ಸಲ ಬರೆಯುತ್ತೇವೆ. ಇನ್ನೊಂದು ಎಚ್ಚರಿಕೆ: $ ಚಿಹ್ನೆಯು ಕೊನೆಯಲ್ಲಿ ಅಡಗಿರುವ ಒಂದು ‘ಹೊಸಸಾಲು’ ಗುರುತನ್ನು ಒಳಗೆ ಬಿಡುತ್ತದೆ. ಅದನ್ನು ತಡೆಯಲು ಸೂತ್ರ ಮುಗಿದ ಮೇಲೆ ಇಂಗ್ಲಿಷಿನ ದೊಡ್ಡ ‘ಡಿ’ ಅಕ್ಷರವನ್ನು ಸೇರಿಸಬೇಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ಯು.ಟಿ.ಎಫ್.-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಲಿಪಿಚಿಹ್ನೆಗೂ ಮೂರು ಬೈಟುಗಳು. ಮೂರರ ಬೆಲೆಯೂ 127ಕ್ಕಿಂತ ಹೆಚ್ಚು. ಆದುದರಿಂದ ಮೇಲಿನ ಕನ್ನಡ ಹೆಸರುಗಳು ಪಿ.ಎಚ್.ಪಿ.ಯಲ್ಲಿ ಪೂರ್ಣ ಸಮ್ಮತ. ಆದರೆ ಅವಸರದಲ್ಲಿ ಸೂತ್ರ ಬರೆಯುವವರು ‘ಮ’ದಲ್ಲಿ ಇಂಗ್ಲಿಷ್ ಅಕ್ಷರಗಳನ್ನಷ್ಟೇ ಇಡುತ್ತಾರೆ. ಆಗ ಭಾಷೆಯು ಒಪ್ಪುವ ಹೆಸರನ್ನು ಸೂತ್ರವು ಬಾಗಿಲಲ್ಲೇ ತಡೆಯುತ್ತದೆ. ಎರಡು ಮೂರು ಲಿಪಿಗಳ ನಡುವೆ ಬಾಳುವ ಗಡಿನಾಡಿನ ನಾವು ಇದನ್ನು ಚೆನ್ನಾಗಿ ಮನಗಾಣಬೇಕು. ತಪ್ಪು ಹೆಸರನ್ನು ತಡೆಯುವುದು ಪರೀಕ್ಷೆಯ ಅರ್ಧ ಕೆಲಸ. ಸರಿಯಾದುದನ್ನು ಒಳಗೆ ಕರೆಯುವುದು ಉಳಿದರ್ಧ.

ಅಭ್ಯಾಸ: ಇವುಗಳಲ್ಲಿ ಯಾವುವು ಸರಿ?

(ಅ) ಶಾಲೆ\8ತರಗತಿ
(ಆ) ಶಾಲೆ\ತರಗತಿ8
(ಇ) ಶಾಲೆ\\ಆಟ
(ಈ) ಶಾಲೆ-ಆಟ
(ಉ) ಶಾಲೆ\೮ತರಗತಿ

ಉತ್ತರ: (ಆ) ಮತ್ತು (ಉ). ಕನ್ನಡದ ‘೮’ ನಮಗೆ ಅಂಕಿಯಾದರೂ ಯಂತ್ರಕ್ಕೆ ಅದು 127ನ್ನು ಮೀರಿದ ಮೂರು ಬೈಟುಗಳು ಮಾತ್ರ. ಉಳಿದವು ಏಕೆ ತಪ್ಪೆಂಬುದನ್ನು ವಿದ್ಯಾರ್ಥಿಗಳು ತಾವೇ ಬರೆದು ನೋಡಲಿ.