ತಲೆಗೆ ಪೆಟ್ಟಾದಾಗ ಸ್ಕ್ಯಾನ್ ಚಿತ್ರ ಹೇಳುವುದೆಷ್ಟು?

ಹೇರೋಹಳ್ಳಿಯ ಮಗ್ಗುಲಲ್ಲಿ ಸಾಗುವ ಮಾಗಡಿ ರಸ್ತೆಯಲ್ಲಿ ಸಂಜೆಯ ಹೊತ್ತು ನಿಂತು ನೋಡಿದವರಿಗೆ, ದ್ವಿಚಕ್ರ ವಾಹನಗಳ ಆ ಪ್ರವಾಹದಲ್ಲಿ ಒಂದು ಚಕ್ರ ಜಾರಿದರೆ ಏನಾದೀತೆಂದು ಬೇರೆ ಹೇಳಬೇಕಾಗಿಲ್ಲ. ತಲೆಗೆ ಭಾರಿ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದವನನ್ನು ಸಮೀಪದ ನರ್ಸಿಂಗ್ ಹೋಮಿಗೆ ತೋರಿಸಿ, ಅಲ್ಲಿಂದ ನಗರವನ್ನು ಅಡ್ಡಹಾಯ್ದು ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಕರೆದೊಯ್ಯುವುದು ಈ ಭಾಗದ ಜನರಿಗೆ ಪರಿಚಿತವಾದ ಕ್ರಮ. ಹಳೆಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದುಗೂಡಿ 1974ರಲ್ಲಿ ರೂಪುಗೊಂಡ ಆ ಸಂಸ್ಥೆ, ನರಶಸ್ತ್ರಚಿಕಿತ್ಸೆಗೆ ನಾಡಿನ ದೊಡ್ಡ ಆಸರೆಯಾಗಿದೆ. ಸ್ಕ್ಯಾನ್ ಮುಗಿದೊಡನೆ ಹೊರಗಿನ ಬೆಂಚಿನಿಂದ ತಂದೆಯೋ ಅಣ್ಣನೋ ಎದ್ದುಬಂದು ಕೇಳುವ ಪ್ರಶ್ನೆ ಒಂದೇ: "ಡಾಕ್ಟ್ರೇ, ಉಳೀತಾನಾ?" ಅದರ ಬೆನ್ನಿಗೆ, ಬಾಯಿಬಿಟ್ಟು ಕೇಳಲಾಗದ ಇನ್ನೊಂದು ಪ್ರಶ್ನೆಯೂ ಇರುತ್ತದೆ. ಜಮೀನು ಅಡವಿಟ್ಟಾದರೂ ಚಿಕಿತ್ಸೆ ಮುಂದುವರಿಸಬೇಕೆ, ಅಥವಾ ಊರಿಗೆ ಕರೆದುಕೊಂಡು ಹೋಗಬೇಕೆ? ಸ್ಕ್ಯಾನ್ ಚಿತ್ರ ಇದಕ್ಕೆ ಎಷ್ಟರಮಟ್ಟಿಗೆ ಉತ್ತರ ಕೊಡಬಲ್ಲದು ಎಂಬುದೇ ಇಲ್ಲಿಯ ವಿಚಾರ.

ಐವತ್ತು ವರ್ಷಗಳ ಹಿಂದೆ ಕಪಾಲದ ಒಳಗನ್ನು ನೇರವಾಗಿ ಕಾಣುವ ಉಪಾಯವೇ ವೈದ್ಯರಿಗೆ ಇರಲಿಲ್ಲವೆನ್ನಬಹುದು. ಸಾಮಾನ್ಯ ಎಕ್ಸ್-ರೇ ಚಿತ್ರದಲ್ಲಿ ಮೂಳೆಯ ಬಿರುಕು ಕಾಣುತ್ತಿತ್ತೇ ಹೊರತು ಮಿದುಳು ಕಾಣುತ್ತಿರಲಿಲ್ಲ. ಮಿದುಳಿನ ನಡುವೆ ಇರುವ ಪೀನಿಯಲ್ ಗ್ರಂಥಿಯಲ್ಲಿ ಸುಣ್ಣದಂಶ ಸೇರಿದ್ದರೆ ಅದೊಂದು ಬಿಳಿಯ ಚುಕ್ಕೆಯಾಗಿ ತೋರುತ್ತಿತ್ತು; ಆ ಚುಕ್ಕೆ ಪಕ್ಕಕ್ಕೆ ಸರಿದಿದ್ದರೆ ಒಂದು ಬದಿಯಲ್ಲಿ ರಕ್ತ ಹೆಪ್ಪುಗಟ್ಟಿ ಒತ್ತುತ್ತಿದೆ ಎಂದು ಊಹಿಸುತ್ತಿದ್ದರು. ಇಲ್ಲವಾದರೆ ಕುತ್ತಿಗೆಯ ರಕ್ತನಾಳಕ್ಕೆ ಬಣ್ಣದ ದ್ರವ ಹಾಯಿಸಿ ಚಿತ್ರ ತೆಗೆಯಬೇಕಾಗಿದ್ದಿತು. ಅದಕ್ಕೂ ಸಮಯವಿಲ್ಲದಿದ್ದರೆ ಬುರುಡೆಗೆ ರಂಧ್ರ ಕೊರೆದು ನೋಡುವುದೊಂದೇ ದಾರಿ. 1971ರ ಅಕ್ಟೋಬರಿನಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರದಿಂದ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆದ ಮೇಲೆ ಈ ಕುರುಡು ಹುಡುಕಾಟ ಕೊನೆಗೊಂಡಿತು. ಆ ಶೋಧಕ್ಕಾಗಿ ಅವರಿಗೂ ಕಾರ್ಮ್ಯಾಕ್ ಅವರಿಗೂ 1979ರ ನೊಬೆಲ್ ಪಾರಿತೋಷಕ ಸಂದಿತು. ಇದೇ ಅವಧಿಯಲ್ಲಿ, 1974ರಲ್ಲಿ, ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ಪ್ರಜ್ಞೆಯ ಮಟ್ಟವನ್ನು 3ರಿಂದ 15ರವರೆಗಿನ ಅಂಕಗಳಲ್ಲಿ ಅಳೆಯುವ ಕ್ರಮವನ್ನು ಕೊಟ್ಟರು. 8 ಅಥವಾ ಅದಕ್ಕಿಂತ ಕಡಿಮೆ ಅಂಕವಿದ್ದರೆ ತೀವ್ರ ಪೆಟ್ಟು ಎಂದು ಅರ್ಥ.

ಚಿತ್ರದಲ್ಲಿ ವೈದ್ಯರು ಅರಸುವುದು ಮುಖ್ಯವಾಗಿ ಜಾಗದ ಲೆಕ್ಕವನ್ನು. ಕಪಾಲವೆಂಬುದು ಹಿಗ್ಗದ ಪೆಟ್ಟಿಗೆ. ಒಳಗೆ ರಕ್ತ ಸೋರಿದರೂ ಮಿದುಳು ಊದಿಕೊಂಡರೂ ಬೇರೇನೋ ಒಂದು ಜಾಗ ಬಿಡಲೇಬೇಕು. ಮೊದಲು ಜಾಗ ಬಿಡುವುದು ಮಿದುಳಿನ ತಳದಲ್ಲಿ ನಿಂತಿರುವ ತಿಳಿದ್ರವ. ಆ ದ್ರವದ ಕೊಳಗಳು ಕಿರಿದಾಗಿದ್ದರೆ ಒತ್ತಡ ಏರುತ್ತಿದೆಯೆಂದೂ, ಪೂರ್ತಿ ಮುಚ್ಚಿಹೋಗಿದ್ದರೆ ಉಸಿರಾಟವನ್ನು ನಡೆಸುವ ಮಿದುಳುಕಾಂಡಕ್ಕೇ ಅಪಾಯ ಬಂದಿದೆಯೆಂದೂ ತಿಳಿಯುತ್ತಾರೆ. ಎಡಬಲಗಳ ನಡುಗೆರೆ 5 ಮಿಲಿಮೀಟರಿಗಿಂತ ಹೆಚ್ಚು ಸರಿದಿದ್ದರೆ ಅದೂ ಕೆಡುಕಿನ ಗುರುತು.

2005ರಲ್ಲಿ ರಾಟರ್‌ಡ್ಯಾಮಿನ ತಜ್ಞರು 2,269 ರೋಗಿಗಳ ವಿವರಗಳನ್ನು ಪರಿಶೀಲಿಸಿ ಇಂಥ ಗುರುತುಗಳಿಗೆ ಅಂಕಗಳನ್ನು ನಿಗದಿಪಡಿಸಿದರು. ಮುಚ್ಚಿದ ಕೊಳಗಳಿಗೆ ಎರಡು, ಸರಿದ ನಡುಗೆರೆಗೆ ಒಂದು, ಮಿದುಳಿನ ಕುಹರದಲ್ಲೋ ಪೊರೆಯ ಕೆಳಗಿನ ದ್ರವದಲ್ಲೋ ರಕ್ತ ಬೆರೆತಿದ್ದರೆ ಇನ್ನೊಂದು, ಹೀಗೆ ಒಟ್ಟು 1ರಿಂದ 6. ಆರು ತಿಂಗಳೊಳಗೆ ಮರಣ ಹೊಂದಿದವರ ಪ್ರಮಾಣ 2 ಅಂಕದವರಲ್ಲಿ ಶೇಕಡಾ 7, 4 ಅಂಕದವರಲ್ಲಿ 26, 6 ಅಂಕದವರಲ್ಲಿ 61 ಆಗಿದ್ದಿತು.

ಈ ಪಟ್ಟಿಯಲ್ಲಿ ಮೊದಲ ನೋಟಕ್ಕೆ ತಪ್ಪೆಂದೇ ತೋರುವ ಒಂದು ಅಂಶವಿದೆ. ಬುರುಡೆಗೂ ಅದರ ಒಳಗಿನ ಗಟ್ಟಿಪೊರೆಗೂ ನಡುವೆ ರಕ್ತ ಹೆಪ್ಪುಗಟ್ಟಿದ್ದರೆ ಅಂಕ ಏರುವುದಿಲ್ಲ. ಅದು ಇಲ್ಲದಿದ್ದರೇ ಒಂದು ಅಂಕ ಏರುತ್ತದೆ! ಅಷ್ಟು ದೊಡ್ಡ ಹೆಪ್ಪನ್ನು ಚಿತ್ರದಲ್ಲಿ ಕಂಡ ಬಂಧುಗಳ ಎದೆ ಒಡೆಯುವುದು ಸಹಜ. ಆದರೆ ಆ ರಕ್ತ ಪೊರೆಯ ಹೊರಗಿರುವುದು. ಕೆಳಗಿನ ಮಿದುಳು ಅನೇಕ ವೇಳೆ ಆರೋಗ್ಯವಾಗಿಯೇ ಇದ್ದು, ಬರಿಯ ಒತ್ತಡಕ್ಕೆ ಸಿಕ್ಕಿ ನರಳುತ್ತಿರುತ್ತದೆ. ಹೊತ್ತು ಮೀರುವ ಮೊದಲೇ ಬುರುಡೆ ತೆರೆದು ಹೆಪ್ಪನ್ನು ತೆಗೆದುಹಾಕಿದರೆ ರೋಗಿ ಎದ್ದು ಮನೆಗೆ ನಡೆದುಹೋಗುವುದುಂಟು. ಹೊತ್ತು ಮೀರಿದರೆ ಅದೇ ಹೆಪ್ಪು ಪ್ರಾಣಾಂತಕ. ಚಿತ್ರದಲ್ಲಿ ಭಯಂಕರವಾಗಿ ಕಾಣುವುದೇ ಪರಿಣಾಮದಲ್ಲಿಯೂ ಭಯಂಕರವೆಂದು ತಿಳಿಯಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ಇದಕ್ಕೆ ತದ್ವಿರುದ್ಧವಾದ ಸ್ಥಿತಿಯೂ ಉಂಟು. ಗಾಢ ಪ್ರಜ್ಞಾಹೀನತೆಯಲ್ಲಿರುವವನ ಸಿ.ಟಿ. ಚಿತ್ರ ಬಹುಮಟ್ಟಿಗೆ ಸರಿಯಾಗಿಯೇ ತೋರಬಹುದು. ತಲೆ ರಭಸದಿಂದ ತಿರುಚಿಕೊಂಡಾಗ ಮಿದುಳಿನ ಉದ್ದಕ್ಕೂ ಹರಡಿದ ಸೂಕ್ಷ್ಮ ನರತಂತುಗಳು ಎಳೆತಕ್ಕೆ ಸಿಕ್ಕಿ ಹರಿಯುತ್ತವೆ. ಸಿ.ಟಿ.ಗೆ ಕಾಣದ ಈ ಹಾನಿಯನ್ನು ಎಂ.ಆರ್.ಐ. ಹೆಚ್ಚು ಸ್ಪಷ್ಟವಾಗಿ ತೋರಿಸಬಲ್ಲದು. ಅದರಲ್ಲಿ ಮಿದುಳುಕಾಂಡದ ಎರಡೂ ಬದಿಗೆ ಗಾಯ ಕಂಡುಬಂದರೆ ಆಶೆ ಬಹಳ ಕುಂದುತ್ತದೆ. ಆದರೆ ಕೃತಕ ಉಸಿರಾಟದಲ್ಲಿರುವವನನ್ನು ದೀರ್ಘಕಾಲ ಆ ಅಯಸ್ಕಾಂತದ ಕೊಳವೆಯಲ್ಲಿ ಮಲಗಿಸುವುದು ಸುಲಭಸಾಧ್ಯವಲ್ಲ. ಮೇಲಾಗಿ ಪೆಟ್ಟು ಬಿದ್ದ ಒಂದು ಗಂಟೆಯೊಳಗೆ ತೆಗೆದ ಚಿತ್ರಕ್ಕೂ ಮರುದಿನ ತೆಗೆದ ಚಿತ್ರಕ್ಕೂ ಅಜಗಜಾಂತರವಿರಬಹುದು. ಆದುದರಿಂದ ಚಿತ್ರ ತೆಗೆದ ಗಂಟೆಯನ್ನು ನೋಡದೆ ಅದನ್ನು ಓದಲಾಗದು.

ಚಿತ್ರವೊಂದನ್ನೇ ನಂಬದೆ ರೋಗಿಯ ವಯಸ್ಸು, ಕಣ್ಣಿನ ಪಾಪೆ ಬೆಳಕಿಗೆ ಕಿರಿದಾಗುವುದೋ ಇಲ್ಲವೋ, ಗ್ಲಾಸ್ಗೋ ಅಂಕ, ದೇಹದ ಇತರ ಗಾಯಗಳು, ಇವೆಲ್ಲವನ್ನೂ ಕೂಡಿಸಿ ಭವಿಷ್ಯ ಎಣಿಸುವ ಸೂತ್ರವೊಂದು 2008ರಲ್ಲಿ ಪ್ರಕಟವಾಯಿತು. 'ಕ್ರ್ಯಾಶ್' ಎಂಬ ಹೆಸರಿನ ಅಂತರರಾಷ್ಟ್ರೀಯ ಪ್ರಯೋಗದಲ್ಲಿ ಸೇರಿದ್ದ 10,008 ರೋಗಿಗಳ ವಿವರಗಳೇ ಅದಕ್ಕೆ ಆಧಾರ. (ತಲೆಪೆಟ್ಟಿಗೆ ವರ್ಷಾನುಗಟ್ಟಲೆ ಕೊಡುತ್ತಿದ್ದ ಸ್ಟೆರಾಯ್ಡ್ ಔಷಧಿಯಿಂದ ಮರಣ ಹೆಚ್ಚುವುದೆಂದು 2004ರಲ್ಲಿ ತೋರಿಸಿಕೊಟ್ಟುದೂ ಇದೇ ಪ್ರಯೋಗ.) ಸೂತ್ರ ರಚಿಸಿದವರು ಶ್ರೀಮಂತ ದೇಶಗಳಿಗೆ ಒಂದು, ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಇನ್ನೊಂದು ಎಂದು ಬೇರೆಬೇರೆ ಲೆಕ್ಕಗಳನ್ನು ಕೊಡಬೇಕಾಯಿತೆಂಬುದು ಗಮನಾರ್ಹ. ಒಂದೇ ಬಗೆಯ ಚಿತ್ರವಿದ್ದ ಇಬ್ಬರಲ್ಲಿ ಒಬ್ಬನು ಬೇಗನೆ ಶಸ್ತ್ರಚಿಕಿತ್ಸೆಯ ಮೇಜನ್ನು ತಲುಪುತ್ತಾನೆ, ಮತ್ತೊಬ್ಬನು ವಾಹನಗಳ ಸಂದಣಿಯಲ್ಲಿ ಸಿಕ್ಕಿ ನಿಲ್ಲುತ್ತಾನೆ. ಸ್ಕ್ಯಾನ್ ಚಿತ್ರದಲ್ಲಿ ರಸ್ತೆ ಕಾಣುವುದಿಲ್ಲ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸುವುದು ಅವಶ್ಯ. 'ಮಿದುಳು ಸಾವು' ಎಂಬುದು ಭವಿಷ್ಯವಾಣಿಯಲ್ಲ, ಆಗಿಹೋದುದರ ನಿರ್ಣಯ. 1994ರ ಅಂಗಾಂಗ ಕಸಿ ಕಾನೂನಿನ ಮೇರೆಗೆ ನಾಲ್ವರು ವೈದ್ಯರ ಮಂಡಲಿ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಅದನ್ನು ಘೋಷಿಸಬೇಕು. 2021ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ನಟ ಸಂಚಾರಿ ವಿಜಯ್ ಅವರು ತೀರಿಕೊಂಡಾಗ ಅವರ ಕುಟುಂಬದವರು ಅಂಗಾಂಗಗಳನ್ನು ದಾನಮಾಡಿದುದನ್ನು ನಾಡು ಕಂಡಿದೆ. ಅಂಥ ಸ್ಥಿತಿ ಬೇರೆ, ಉಸಿರಾಟದ ಯಂತ್ರದಲ್ಲಿದ್ದರೂ ಮಿದುಳು ಇನ್ನೂ ಜೀವಂತವಿರುವ ಸ್ಥಿತಿ ಬೇರೆ. ಭವಿಷ್ಯ ಎಣಿಸುವ ಕಷ್ಟವೆಲ್ಲ ಇರುವುದು ಈ ಎರಡನೆಯದರಲ್ಲಿ.

ಈ ಎಣಿಕೆಯಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ, ಅದು ತನ್ನನ್ನು ತಾನೇ ನಿಜಮಾಡಿಕೊಳ್ಳುವುದು. 'ಇವನು ಉಳಿಯಲಾರ' ಎಂದು ವೈದ್ಯರು ಬಗೆದು ಯಂತ್ರವನ್ನು ತೆಗೆದರೆ ಅವನು ಉಳಿಯುವುದಿಲ್ಲ. ಆ ಸಾವು ಲೆಕ್ಕಕ್ಕೆ ಸೇರಿ ಮುಂದಿನ ರೋಗಿಯ ಭವಿಷ್ಯವನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಕೆನಡಾದ ಆರು ಆಸ್ಪತ್ರೆಗಳ 720 ರೋಗಿಗಳನ್ನು ಕುರಿತು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸತ್ತವರ ಪೈಕಿ ಶೇಕಡಾ 70ರಷ್ಟು ಮಂದಿಯ ಮರಣ ಜೀವರಕ್ಷಕ ಚಿಕಿತ್ಸೆ ಹಿಂತೆಗೆದ ಬಳಿಕ ಆದುದಾಗಿತ್ತು. ಅದರಲ್ಲಿ ಸುಮಾರು ಅರ್ಧದಷ್ಟು ಮೊದಲ ಮೂರು ದಿನಗಳೊಳಗೇ ನಡೆದಿತ್ತು. ನಮ್ಮಲ್ಲಿ ಯಂತ್ರ ತೆಗೆಯುವವರಿಗಿಂತ, ಹಣ ಮುಗಿದು ಆಶೆಯೂ ಉಡುಗಿ ಮನೆಗೆ ಕರೆದೊಯ್ಯುವವರೇ ಹೆಚ್ಚಿರಬಹುದು. ಫಲಿತಾಂಶದಲ್ಲಿ ವ್ಯತ್ಯಾಸವೇನೂ ಇಲ್ಲ. ಹೀಗಾಗಿ ಆತುರದ ನಿರ್ಧಾರ ಬೇಡ, ಕನಿಷ್ಠ 72 ಗಂಟೆ ಕಾದು ನೋಡಬೇಕು ಎಂಬ ಸಲಹೆಯನ್ನು ತೀವ್ರ ನಿಗಾ ತಜ್ಞರ ಸಂಘ 2015ರಲ್ಲಿ ಮುಂದಿಟ್ಟಿತು.

ಶೇಕಡಾ 61 ಎಂದರೆ ಅಂಥ ನೂರು ಜನರಲ್ಲಿ 39 ಮಂದಿ ಬದುಕಿದ್ದರೆಂದು. ಬೆಂಚಿನ ಮೇಲೆ ಕುಳಿತ ತಂದೆಯ ಮಗ ಯಾವ ಕಡೆಗೆ ಸೇರಿದವನೆಂದು ಆ ಅಂಕಿ ಹೇಳಲಾರದು. ಅಮೆರಿಕದ ಅನೇಕ ಆಸ್ಪತ್ರೆಗಳು ಕೂಡಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀವ್ರ ಪೆಟ್ಟಾದವರ ಪೈಕಿ ಎರಡನೆಯ ವಾರದಲ್ಲಿ ದಿನದ ಕೆಲವು ಗಂಟೆಯಾದರೂ ಮನೆಯಲ್ಲಿ ಇನ್ನೊಬ್ಬರ ನೆರವಿಲ್ಲದೆ ಇರಬಲ್ಲವರು ಶೇಕಡಾ 12 ಮಾತ್ರ. ಒಂದು ವರ್ಷ ಕಳೆದಾಗ ಅವರ ಪ್ರಮಾಣ ಶೇಕಡಾ 52ಕ್ಕೆ ಏರಿತ್ತು. ಎರಡನೆಯ ವಾರದಲ್ಲಿ ಕಣ್ಣು ತೆರೆದರೂ ಅರಿವಿಲ್ಲದೆ ಮಲಗಿದ್ದವರಲ್ಲಿ ಶೇಕಡಾ 78 ಮಂದಿಗೆ ವರ್ಷದೊಳಗೆ ಅರಿವು ಮರಳಿತು; ನಾಲ್ವರಲ್ಲಿ ಒಬ್ಬರಂತೆ ತಾವು ಯಾರು, ಎಲ್ಲಿದ್ದೇವೆ ಎಂಬುದನ್ನು ಸರಿಯಾಗಿ ಹೇಳಬಲ್ಲವರಾದರು. ಆರು ತಿಂಗಳಿಗೆ ನಿಲ್ಲುವ ಕೋಷ್ಟಕಗಳು ಆಮೇಲಿನ ಆರು ತಿಂಗಳನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.